ಮ್ಯಾಕ್‌ನಲ್ಲಿ ಜಾಗವೇ ಇಲ್ಲ; ಫೋಟೋ ಲೈಬ್ರರಿಯನ್ನು ಹೊರಗಿನ ಡ್ರೈವ್‌ಗೆ ಸಾಗಿಸುವುದು ಹೇಗೆ?

ಸಾಗಿಸಬಹುದು, ಕಷ್ಟವೇನಲ್ಲ. ಎಡವುವುದು ಹೆಚ್ಚಾಗಿ ಡ್ರೈವ್‌ನ ಫಾರ್ಮ್ಯಾಟ್‌ನಲ್ಲಿ, ಅಂದರೆ ಡ್ರೈವ್ ಫೈಲ್‌ಗಳನ್ನು ಜೋಡಿಸಿಡುವ ವಿಧಾನದಲ್ಲಿ. ಅಂಗಡಿಯಿಂದ ತಂದ ಡ್ರೈವ್ ಎಷ್ಟೋ ಸಲ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿರುತ್ತದೆ. ಫೋಟೋಸ್ ಆ್ಯಪ್‌ಗೆ ಅದು ಒಗ್ಗದು. ಮ್ಯಾಕ್‌ನಲ್ಲೇ ಇರುವ ಡಿಸ್ಕ್ ಯುಟಿಲಿಟಿ ಆ್ಯಪ್‌ನಲ್ಲಿ ಅದನ್ನು ಆ್ಯಪಲ್‌ನದೇ ಫಾರ್ಮ್ಯಾಟ್ ಆದ ಎಪಿಎಫ್‌ಎಸ್‌ಗೆ ಬದಲಾಯಿಸಿ. ಹಾಗೆ ಮಾಡಿದರೆ ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ನೋಡಿಕೊಳ್ಳಿ. ಟೈಮ್ ಮಷೀನ್‌ಗೆ (ಮ್ಯಾಕ್‌ನ ಬ್ಯಾಕಪ್ ವ್ಯವಸ್ಥೆ) ಬಳಸುವ ಡ್ರೈವ್ ಬೇಡ.

ಫೋಟೋಸ್ ಮುಚ್ಚಿ. ಪಿಕ್ಚರ್ಸ್ ಫೋಲ್ಡರ್‌ನಲ್ಲಿ 'ಫೋಟೋಸ್ ಲೈಬ್ರರಿ' ಅಂತ ಒಂದೇ ಫೈಲ್ ಕಾಣುತ್ತದೆ. ನೋಡಲು ಒಂದು, ಒಳಗೆ ಸಾವಿರಾರು. ಆದ್ದರಿಂದ ಅದನ್ನು ಬಿಚ್ಚಿ ಚಿತ್ರಗಳನ್ನು ಬಿಡಿಬಿಡಿಯಾಗಿ ಎಳೆಯಬೇಡಿ, ಇಡಿಯಾಗಿ ಡ್ರೈವ್‌ಗೆ ಎಳೆದು ಹಾಕಿ. ನೂರಾರು ಜಿಬಿ ಇದ್ದರೆ ರಾತ್ರಿ ಹಚ್ಚಿಟ್ಟು ಮಲಗುವುದೇ ಮೇಲು.

ಮುಗಿದ ಮೇಲೆ ಆಪ್ಷನ್ ಕೀ ಒತ್ತಿ ಹಿಡಿದೇ ಫೋಟೋಸ್ ತೆರೆಯಿರಿ. ಯಾವ ಲೈಬ್ರರಿ ಅಂತ ಕೇಳುತ್ತದೆ, ಹೊಸದನ್ನು ತೋರಿಸಿ. ಐಕ್ಲೌಡ್ ಫೋಟೋಸ್ ಬಳಸುತ್ತಿದ್ದರೆ ಫೋಟೋಸ್ ಆ್ಯಪ್‌ನ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ 'ಯೂಸ್ ಆ್ಯಸ್ ಸಿಸ್ಟಮ್ ಫೋಟೋ ಲೈಬ್ರರಿ' ಒತ್ತಬೇಕು, ಇಲ್ಲದಿದ್ದರೆ ಸಿಂಕ್ ಆಗದು.

ಹಳೆಯದನ್ನು ತಕ್ಷಣ ಅಳಿಸಬೇಡಿ. ನಾಲ್ಕು ದಿನ ಬಳಸಿ, ಹಳೆಯ ಮದುವೆಯ ವಿಡಿಯೊ ಒಂದೆರಡು ಪೂರ್ತಿ ಓಡಿಸಿ ನೋಡಿ, ಆಮೇಲೆ ಅಳಿಸಿ. ಟ್ರ್ಯಾಶ್ ಖಾಲಿ ಮಾಡುವವರೆಗೂ ಜಾಗ ಸಿಗುವುದಿಲ್ಲ. ನಾನು ಒಮ್ಮೆ ಇದನ್ನೇ ಮರೆತು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೆ!

ಇನ್ನು ಮೇಲೆ ಆ ಡ್ರೈವ್‌ನಲ್ಲಿರುವುದೇ ನಿಮ್ಮ ಏಕೈಕ ಪ್ರತಿ. ಅದಕ್ಕೂ ಬೇರೆ ಕಡೆ ಬ್ಯಾಕಪ್ ಇರಲಿ.