ಹಾಸನದ ಅರ್ಧ ಮನೆ

ಗಂಡ ಹೆಂಡತಿಯರಿಗೆ ಆಪ್ತಸಲಹೆ ಕೊಡುವುದು ನನ್ನ ಕಸುಬು. ಹಾಗೆ ನನ್ನ ಬಳಿ ಬಂದ ಒಂದು ಜೋಡಿಯ ಕಥೆ ಇದು, ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸ ಬದಲಿಸಿದ್ದೇನೆ, ಮೊತ್ತಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ಅವಳು ಶೈಲಾ, ಅವನು ರಘು ಅಂತಿರಲಿ. ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾರೆ ಅಂತ ಇಟ್ಟುಕೊಳ್ಳಿ. ನನ್ನ ಮಗಳ ವಯಸ್ಸಿನವರು, 'ಬಹುವಚನ ಬೇಡ ಮೇಡಂ' ಅಂತ ಮೊದಲ ದಿನವೇ ಹೇಳಿದ್ದರಿಂದ ಇಲ್ಲೂ ಏಕವಚನ.

2025ರ ಜೂನ್‌ನಲ್ಲಿ ಶೈಲಾಳ ಮೇಲ್ ಬಂತು. 'ಮನೆ ತಗೊಳ್ಳೋ ವಿಷಯಕ್ಕೆ ಎರಡು ತಿಂಗಳಿಂದ ಜಗಳ. ಡೈವೋರ್ಸ್ ಗೀವೋರ್ಸ್ ಏನಿಲ್ಲ, ಆದ್ರೆ ಒಟ್ಟಿಗೆ ಊಟಕ್ಕೆ ಕೂರೋದು ನಿಂತುಹೋಗಿದೆ.' ಶನಿವಾರ ಸಂಜೆ ಏಳೂವರೆಗೆ ನಾನು ಮೈಸೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ, ಅವರು ಅಲ್ಲಿ ಮಧ್ಯಾಹ್ನ ಮೂರಕ್ಕೆ, ಮಗು ಮಲಗಿರುವ ಹೊತ್ತಲ್ಲಿ. ಹಾಗೆ ಶುರುವಾಯಿತು.

ಎರಡು ಮನೆ ನೋಡಿದ್ದರು. ಶೈಲಾಳಿಗೆ ಹಿಡಿಸಿದ್ದು 1890ರ ಆಸುಪಾಸಿನ ಕೆಂಪು ಇಟ್ಟಿಗೆಯ ಟೆರೇಸ್ಡ್ ಮನೆ. ನಮ್ಮಲ್ಲಿ ಟೆರೇಸ್ ಅಂದರೆ ತಾರಸಿ. ತುಮಕೂರಿನಲ್ಲಿರುವ ಅವಳ ಅಮ್ಮ 'ಟೆರೇಸ್ ಇದ್ಯಂತೆ, ಬಂದಾಗ ಹಪ್ಪಳ ಹಾಕ್ತೀನಿ' ಅಂದಿದ್ದರಂತೆ. ಅಲ್ಲಿ ಟೆರೇಸ್ ಅಂದರೆ ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆ, ನಮ್ಮ ಅಗ್ರಹಾರದ ಮನೆಗಳಿದ್ದ ಹಾಗೆ. ಮೇಲೆ ಇಳಿಜಾರು ಛಾವಣಿ, ಕಾಗೆ ಕೂರುವುದೂ ಕಷ್ಟ. ಒಂಬತ್ತು ಇಂಚಿನ ಗಟ್ಟಿ ಗೋಡೆ, ನಡುವೆ ಗಾಳಿಯ ಪದರ ಇಲ್ಲ, ಹಾಗಾಗಿ ಚಳಿಗಾಲದಲ್ಲಿ ಥಂಡಿ, ಅಲ್ಲಲ್ಲಿ ತೇವ. ಕಡಿದಾದ ಮೆಟ್ಟಿಲು. ಬಚ್ಚಲು ಕೆಳಗೆ, ಅಡುಗೆಮನೆಯ ಹಿಂದೆ. ಆದರೆ ಹಿತ್ತಲಿದೆ, ಮತ್ತು ಫ್ರೀಹೋಲ್ಡ್, ಅಂದರೆ ನೆಲವೂ ನಿಮ್ಮದೇ. ಬೆಲೆ 3 ಲಕ್ಷ 60 ಸಾವಿರ ಪೌಂಡ್.

ರಘು ಹಿಡಿದು ಕೂತದ್ದು ಸ್ಟೇಷನ್ ಹತ್ತಿರದ ಹೊಸ ಫ್ಲಾಟ್. ನಾಲ್ಕನೇ ಮಹಡಿ, ಲಿಫ್ಟ್, ಬೆಚ್ಚಗಿನ ಗೋಡೆ, 10 ವರ್ಷದ ವಾರಂಟಿ. ಬೆಲೆ 3 ಲಕ್ಷ 25 ಸಾವಿರ. ಆದರೆ ಅದು ಲೀಸ್‌ಹೋಲ್ಡ್. 250 ವರ್ಷ ವಾಸದ ಹಕ್ಕು ನಿಮ್ಮದು, ಕಟ್ಟಡ ಬೇರೆಯವರದು, ಕಟ್ಟಡದ ನಿರ್ವಹಣೆಗೆ ಅಂತ ವರ್ಷಕ್ಕೆ 2,800 ಪೌಂಡ್ ಸರ್ವಿಸ್ ಚಾರ್ಜ್, ಅದು ಮುಂದೆ ಎಷ್ಟಾಗುತ್ತೋ ಗ್ಯಾರಂಟಿ ಇಲ್ಲ. 2022ರ ಕಾನೂನಿನಿಂದ ಹೊಸ ಲೀಸ್‌ಗಳಿಗೆ ನೆಲಬಾಡಿಗೆ ಇಲ್ಲ ಅನ್ನುವುದಷ್ಟೇ ಸಮಾಧಾನ. ಇದಕ್ಕೂ ಅಮ್ಮನ ಮಾತಿತ್ತು. 'ಲೀಸ್ ಒಳ್ಳೇದಲ್ವೇನೇ, ಬಿಡೋವಾಗ ದುಡ್ಡು ವಾಪಸ್ ಬರುತ್ತೆ.' ಪಾಪ, ಅವರಿಗೆ ಗೊತ್ತಿರುವುದು ನಮ್ಮ ಭೋಗ್ಯದ ಲೀಸು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಬಿಡಬೇಕು. ಮೊದಲ ಎರಡು ಸೆಷನ್ ನಾನು ಅವರ ಬಾಲ್ಯದ ಮನೆಗಳ ಬಗ್ಗೆ ಕೇಳುತ್ತಾ ಕಳೆದೆ. ಉತ್ತರ ಚೆನ್ನಾಗಿಯೇ ಸಿಕ್ಕಿತು. ಶೈಲಾ ಹತ್ತನೇ ಕ್ಲಾಸ್ ಮುಗಿಸುವಷ್ಟರಲ್ಲಿ ಅವರ ಮನೆಯವರು ಏಳು ಬಾಡಿಗೆ ಮನೆ ಬದಲಿಸಿದ್ದರು, 'ಓನರ್' ಅನ್ನುವ ಪದ ಕೇಳಿದರೇ ಅವಳ ಮುಖ ಬಿಗಿಯುತ್ತಿತ್ತು. ರಘುವಿನ ಅಪ್ಪ ಪ್ರತಿ ಮೇ ತಿಂಗಳು ಹೆಂಚು ಕೈಯಾಡಿಸಲು ಮಾಡಿನ ಮೇಲಿರುತ್ತಿದ್ದರು, ಕೆಳಗೆ ಏಣಿ ಹಿಡಿದು ನಿಲ್ಲುವುದು ರಘುವಿನ ಕೆಲಸ. ಅವಳಿಗೆ ಸ್ವಂತ ನೆಲ ಬೇಕು, ಅವನಿಗೆ ರಿಪೇರಿ ಬೇಡ. ಎಷ್ಟು ಸಲೀಸಾಗಿ ಕೂತಿತು ಅಂದರೆ ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡೆ. ಅವರಿಬ್ಬರೂ 'ಹೌದು ಮೇಡಂ, ಅದೇ' ಅಂತ ತಲೆಯಾಡಿಸಿದರು. ಮುಂದಿನ ವಾರ ಅದೇ ಜಗಳ, ಇನ್ನೂ ಜೋರಾಗಿ.

ಆಮೇಲೆ ನನ್ನ ನೋಟ್ಸ್ ಮತ್ತೆ ತಿರುವಿ ಹಾಕಿದೆ. ಶೈಲಾ ಫ್ಲಾಟ್ ಬೇಡ ಅನ್ನಲು ಪ್ರತಿ ಸಲ ಹೇಳಿದ್ದು ಅದೇ ಎರಡು ಮಾತು, ಲೀಸು ಮತ್ತು ಸರ್ವಿಸ್ ಚಾರ್ಜು. ಒಮ್ಮೆ ಗ್ರೆನ್‌ಫೆಲ್ ಹೆಸರು ಎತ್ತಿದಳು, 2017ರಲ್ಲಿ ಲಂಡನ್ನಿನ ಆ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತಿದ್ದು, ಆಮೇಲೆ ಹೊರಗೋಡೆಯ ಹೊದಿಕೆ ಸರಿಯಿಲ್ಲದ ಎಷ್ಟೋ ಫ್ಲಾಟ್‌ಗಳನ್ನು ಮಾರುವುದಕ್ಕೇ ಆಗದೆ ಜನ ಸಿಕ್ಕಿಹಾಕಿಕೊಂಡಿದ್ದು. ರಘುವಿನ ಕಾರಣ ಮಾತ್ರ ವಾರಕ್ಕೊಂದು. ಮೊದಲು ತೇವ. ಆಮೇಲೆ ತನ್ನ ಅಮ್ಮನ ಮಂಡಿನೋವು, ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬಂದರೆ ಮೆಟ್ಟಿಲು ಹತ್ತುವುದು ಹೇಗೆ ಅಂತ. ಆಮೇಲೆ ಪಾರ್ಕಿಂಗ್. ಆಮೇಲೆ ಪಕ್ಕದ ಮನೆಯ ನಾಯಿ! ಒಂದಕ್ಕೆ ಅವಳು ಉತ್ತರ ತಂದರೆ ಇನ್ನೊಂದು ಹುಟ್ಟುತ್ತಿತ್ತು. ಹೀಗಾದಾಗ ನಾನು ಇಬ್ಬರನ್ನೂ ಬೇರೆಬೇರೆಯಾಗಿ ಮಾತಾಡಿಸುತ್ತೇನೆ.

ಬೇರೆಯಾಗಿ ಮಾತಾಡುವ ಮುಂಚೆ ನನ್ನದೊಂದು ನಿಯಮ ಹೇಳಿರುತ್ತೇನೆ. ನೀವು ಹೇಳಿದ್ದನ್ನು ನಾನು ಇನ್ನೊಬ್ಬರಿಗೆ ದಾಟಿಸುವುದಿಲ್ಲ. ಆದರೆ ಅದನ್ನು ಮುಚ್ಚಿಟ್ಟುಕೊಂಡು ಇಬ್ಬರನ್ನೂ ಎದುರು ಕೂರಿಸಿ ನಾಟಕವನ್ನೂ ಆಡುವುದಿಲ್ಲ. ರಘು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ 'ಮೇಡಂ, ನಿಮಗೆ ಸ್ಟ್ಯಾಂಪ್ ಡ್ಯೂಟಿ ಬಗ್ಗೆ ಗೊತ್ತಾ?' ಅಂದ.

ಗೊತ್ತಿರಲಿಲ್ಲ, ಅವನೇ ಹೇಳಿಕೊಟ್ಟ. ಇಂಗ್ಲೆಂಡಿನಲ್ಲಿ ಮೊದಲ ಮನೆ ಕೊಳ್ಳುವವರಿಗೆ 2025ರ ಏಪ್ರಿಲ್‌ನಿಂದ ಮೊದಲ 3 ಲಕ್ಷ ಪೌಂಡ್‌ಗೆ ತೆರಿಗೆ ಇಲ್ಲ, 5 ಲಕ್ಷದೊಳಗಿನ ಮನೆಯಾದರೆ ಉಳಿದದ್ದಕ್ಕೆ ಶೇ. 5. ಹಾಗಾಗಿ ಸಾಲುಮನೆಗೆ 3,000, ಫ್ಲಾಟ್‌ಗೆ 1,250. ಶೈಲಾ ಹಾಕಿಕೊಂಡಿದ್ದ ಲೆಕ್ಕ ಇದು. ಆದರೆ 'ಮೊದಲ ಮನೆ' ಅಂದರೆ ಪ್ರಪಂಚದಲ್ಲಿ ಎಲ್ಲೂ ನಿಮ್ಮ ಹೆಸರಲ್ಲಿ ಮನೆ ಇದ್ದಿರಬಾರದು. 40 ಸಾವಿರ ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಪಾಲು ಬೇರೆ ಮನೆಯಲ್ಲಿ ಇದ್ದರೆ, ಅದು ಯಾವ ದೇಶದಲ್ಲೇ ಇರಲಿ, ರಿಯಾಯಿತಿ ಹೋಗುವುದಲ್ಲದೆ ಪೂರ್ತಿ ಬೆಲೆಯ ಮೇಲೆ ಶೇ. 5 ಹೆಚ್ಚುವರಿ ಬೀಳುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಇದ್ದರೂ ಇಬ್ಬರಿಗೂ ಲೆಕ್ಕ. ಆಗ ಸಾಲುಮನೆಗೆ 26,000, ಫ್ಲಾಟ್‌ಗೆ 22,500.

2023ರ ಡಿಸೆಂಬರ್‌ನಲ್ಲಿ ರಘು ಒಬ್ಬನೇ ಊರಿಗೆ ಹೋಗಿದ್ದಾಗ ಅವನ ಅಪ್ಪ ಹಾಸನದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ, ಮನೆಯ ಅರ್ಧ ಭಾಗಕ್ಕೆ ಅವನ ಹೆಸರಿಗೆ ದಾನಪತ್ರ ಮಾಡಿಸಿದ್ದರು. ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದ ಮನೆ, ಈಗ ಪೂರ್ತಿ ಒಂದು ಕೋಟಿ 20 ಲಕ್ಷ ಬಾಳುತ್ತದೆ. ಅರ್ಧ ಅಂದರೂ 40 ಸಾವಿರ ಪೌಂಡ್ ದಾಟುತ್ತದೆ. ಇವರ ಕೈಯಲ್ಲಿದ್ದ ಉಳಿತಾಯ 58,000. ಶೇ. 10ರ ಮುಂಗಡ ಮತ್ತು ಈ ತೆರಿಗೆ ಸೇರಿದರೆ ಸಾಲುಮನೆಗೆ 62,000 ಬೇಕು, ಫ್ಲಾಟ್‌ಗೆ 55,000. ಫ್ಲಾಟ್ ಆದರೆ ಹೇಗೋ ತಳ್ಳಬಹುದು. ತೇವ, ಮೆಟ್ಟಿಲು, ಪಾರ್ಕಿಂಗ್, ನಾಯಿ, ಎಲ್ಲದರ ಹಿಂದೆ ಇದ್ದದ್ದು ಈ ಏಳು ಸಾವಿರ ಪೌಂಡ್.

'ಹೇಳೋಕೇನು ಕಷ್ಟ?' ಅಂತ ಕೇಳಿದೆ. ಅಪ್ಪ ಕೊಟ್ಟಿದ್ದು, ಅವನು ಕದ್ದದ್ದಲ್ಲ.

ಕಷ್ಟ ಇತ್ತು. 2022ರಲ್ಲಿ ಶೈಲಾಳ ಅಣ್ಣ ಅವಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದ. ಅರಿಶಿನ ಕುಂಕುಮಕ್ಕೆ ಅಂತ ಎರಡು ಲಕ್ಷ, ಒಂದು ಸೀರೆ. ಆಗ 'ಹಾಕಬೇಡ ಸೈನು, ನಿನ್ನ ಪಾಲು ನಿನ್ನದು, ಹೆಣ್ಣುಮಕ್ಕಳು ಹೀಗೆ ಬಿಟ್ಟುಕೊಟ್ಟೇ ಹಾಳಾಗಿದ್ದು' ಅಂತ ಎಲ್ಲರ ಎದುರು ವಾದ ಮಾಡಿದವನು ಇದೇ ರಘು. ಮುಂದಿನ ವರ್ಷ ಹಾಸನದಲ್ಲಿ ಅವನಿಗೆ ಅರ್ಧ ಮನೆ ಬಂತು, ಉಳಿದರ್ಧವೂ ಮುಂದೆ ಅವನಿಗೇ ಅಂತ ಅಪ್ಪ ಹೇಳಿಯಾಗಿದೆ. ಶಿವಮೊಗ್ಗದಲ್ಲಿರುವ ತಂಗಿಗೆ ಏನೂ ಇಲ್ಲ, ವಿಷಯವೂ ಗೊತ್ತಿಲ್ಲ. 'ಅವಳಿಗೆ ಮದುವೆಗೆ ಖರ್ಚು ಮಾಡಿದೀನಲ್ಲ' ಅಂದರಂತೆ ಅಪ್ಪ. ಅಪ್ಪನ ಸ್ವಂತ ಸಂಪಾದನೆಯ ಮನೆ, ಯಾರಿಗೆ ಬೇಕಾದರೂ ಕೊಡಬಹುದು, ಕಾನೂನಿನ ತಕರಾರಿಲ್ಲ. ರಘು ಸುಮ್ಮನೆ ಹೆಬ್ಬೆಟ್ಟೊತ್ತಿ ಬಂದ. 'ಶೈಲಾ ನನ್ನ ಮುಖ ನೋಡಿ ನಗ್ತಾಳೆ ಮೇಡಂ. ಬಯ್ಯೋದಲ್ಲ, ನಗ್ತಾಳೆ.'

ಅವನಿಗೆ ನಾನು ಹೇಳಿದ್ದು ಇಷ್ಟು. ಮೊದಲನೆಯದು, 'ಬೇರೆ ಮನೆ ಇದೆಯೇ' ಅಂತ ಕೇಳುವ ಫಾರಂನಲ್ಲಿ 'ಇಲ್ಲ' ಅಂತ ಟಿಕ್ ಮಾಡುವ ಯೋಚನೆ (ಅದೂ ಇತ್ತು, ಒಪ್ಪಿಕೊಂಡ) ಇವತ್ತೇ ಬಿಡು. ಸಿಕ್ಕಿಬಿದ್ದರೆ ದಂಡ, ಸಿಗದಿದ್ದರೂ ಅದರ ಮೇಲೆ ಶೈಲಾಳ ಸಹಿಯೂ ಇರುತ್ತದೆ, ಅವಳಿಗೆ ಗೊತ್ತಿಲ್ಲದ ಸುಳ್ಳಿಗೆ ಅವಳನ್ನು ಪಾಲುದಾರಳನ್ನಾಗಿ ಮಾಡಿದಂತೆ. ಎರಡು ವಾರದೊಳಗೆ ಅವಳಿಗೆ ಹೇಳು, ಇಲ್ಲದಿದ್ದರೆ ಜಂಟಿ ಸೆಷನ್ ನಾನು ನಡೆಸಲಾರೆ. ಹೇಳುವಾಗ ತೆರಿಗೆಯಿಂದ ಶುರುಮಾಡಬೇಡ. ತೆರಿಗೆಯಿಂದ ಶುರುಮಾಡಿದರೆ ಇಬ್ಬರೂ ಕ್ಯಾಲ್ಕುಲೇಟರ್ ತಗೊಂಡು ಕೂರುತ್ತೀರಿ, ದಾನಪತ್ರ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಹೋಗುತ್ತದೆ. ತಂಗಿಯಿಂದ ಶುರುಮಾಡು. ರಾತ್ರಿ ಮಲಗುವ ಮುಂಚೆ ಬೇಡ, ಬೆಳಗ್ಗೆ, ಪತ್ರದ ಜೆರಾಕ್ಸ್ ಮುಂದೆ ಇಟ್ಟು ಹೇಳು. 'ಅಪ್ಪ ಬಲವಂತ ಮಾಡಿದ್ರು' ಅನ್ನುವ ವಾಕ್ಯ ಬೇಡವೇ ಬೇಡ.

ಹನ್ನೊಂದನೇ ದಿನ ಹೇಳಿದನಂತೆ. ಶೈಲಾ ನಗಲಿಲ್ಲ. ನಾಲ್ಕು ದಿನ ಮಗುವಿನ ವಿಷಯ ಬಿಟ್ಟರೆ ಬೇರೆ ಮಾತಿಲ್ಲ. ಐದನೇ ದಿನ ಪಾತ್ರೆ ತೊಳೆಯುತ್ತಾ, ತಿರುಗಿ ನೋಡದೇ, 'ನಿನ್ನ ತಂಗಿಗೆ ಯಾವಾಗ ಹೇಳ್ತೀಯಾ?' ಅಂತ ಕೇಳಿದಳು.

ಮುಂದಿನ ಜಂಟಿ ಸೆಷನ್‌ನಲ್ಲಿ ಅವಳು ನನ್ನ ಮೇಲೂ ಸಿಟ್ಟಾದಳು. ನನಗೆ ಎರಡು ವಾರ ಮೊದಲೇ ಗೊತ್ತಿತ್ತಲ್ಲ ಅಂತ. ನಿಯಮ ಮೊದಲೇ ಹೇಳಿದ್ದೆ ಅಂತ ವಾದಿಸಬಹುದಿತ್ತು, ವಾದಿಸಲಿಲ್ಲ. ಅವಳ ಜಾಗದಲ್ಲಿದ್ದರೆ ನನಗೂ ಸಿಟ್ಟು ಬರುತ್ತಿತ್ತು. ಸಿಟ್ಟು ಇಳಿದ ಮೇಲೆ ಮೂರು ವಿಷಯಗಳನ್ನು ಮೂರು ಕಡೆ ಇಡಿ ಅಂದೆ. ತೆರಿಗೆಯದು ಸಾಲಿಸಿಟರ್‌ಗೆ, ಅಂದರೆ ಅಲ್ಲಿನ ವಕೀಲರಿಗೆ ಬಿಡಿ, ಅದೂ ಭಾರತದ ಆಸ್ತಿ ವ್ಯವಹಾರ ಗೊತ್ತಿರುವವರಿಗೆ. ಪಾಲನ್ನು ವಾಪಸ್ ಅಪ್ಪನ ಹೆಸರಿಗೆ ಮಾಡಿದರೆ ಆಗುತ್ತಾ ಅಂತ ನನ್ನನ್ನು ಕೇಳಬೇಡಿ, ಅದು ನನ್ನ ಕಸುಬಲ್ಲ. ತಂಗಿಯ ವಿಷಯ ರಘುವಿನದು, ಶೈಲಾ ಅದರಲ್ಲಿ ನಾದಿನಿಗೆ ಫೋನ್ ಮಾಡಿ ಮುಂದಾಗಬಾರದು. ಮನೆಯದು ಮಾತ್ರ ಇಬ್ಬರದೂ.

ಆ ಮನೆಯ ವಿಷಯಕ್ಕೆ ಒಂದು ಕೆಲಸ ಕೊಟ್ಟೆ. ಮಳೆ ಬರುವ ಮಂಗಳವಾರ ಸಂಜೆ ಸಾಲುಮನೆಯ ಬೀದಿಗೆ ಶೈಲಾ ಒಬ್ಬಳೇ ಹೋಗಬೇಕು, ಶುಕ್ರವಾರ ರಾತ್ರಿ ಹತ್ತಕ್ಕೆ ಫ್ಲಾಟ್ ಹತ್ತಿರ ರಘು ಒಬ್ಬನೇ. ತಮಗೆ ಇಷ್ಟವಾದದ್ದನ್ನು ಅದರ ಕೆಟ್ಟ ಹೊತ್ತಲ್ಲಿ ನೋಡಲಿ ಅಂತ. ಶೈಲಾ ಬಂದು ಹೇಳಿದ್ದು: ಕಾರು ನಿಲ್ಲಿಸಲು ಜಾಗ ಹುಡುಕಿ ಇಪ್ಪತ್ತು ನಿಮಿಷ ಸುತ್ತಿದಳು, ಆದರೂ ಮನೆ ಇಷ್ಟವೇ. ರಘು ಹೇಳಿದ್ದು: ಲಿಫ್ಟ್ ಕೆಟ್ಟು ನಿಂತಿತ್ತು, ಅಲ್ಲಿದ್ದ ಒಬ್ಬರು ವಾರದಿಂದ ಹೀಗೇ ಇದೆ ಅಂದರು. ಅಮ್ಮನ ಮಂಡಿಗೆ ನಾಲ್ಕು ಮಹಡಿಗಿಂತ ಒಂದು ಮಹಡಿಯೇ ವಾಸಿ ಅಂತ ಅವನೇ ಅಂದ. ಜೊತೆಗೆ ಎರಡು ಸಾದಾ ಮಾತು ಹೇಳಿದ್ದೆ, ಅವು ಯಾರಿಗಾದರೂ ಉಪಯೋಗಕ್ಕೆ ಬಂದಾವು. ನೂರು ವರ್ಷ ದಾಟಿದ ಮನೆಯಾದರೆ ಬ್ಯಾಂಕಿನವರು ಮಾಡಿಸುವ ಬೆಲೆಕಟ್ಟುವಿಕೆಯನ್ನೇ ನಂಬದೆ ನಿಮ್ಮ ಖರ್ಚಿನಲ್ಲಿ ಲೆವೆಲ್ 3 ಸರ್ವೆ, ಅಂದರೆ ಕಟ್ಟಡದ ವಿವರವಾದ ತಪಾಸಣೆ ಮಾಡಿಸಿ. ಫ್ಲಾಟ್ ಆದರೆ ಸರ್ವಿಸ್ ಚಾರ್ಜ್‌ನ ಲೆಕ್ಕಪತ್ರ ಕೇಳಿ, ಹೊಸ ಕಟ್ಟಡವಾದರೆ ಮುಂದಿನ ವರ್ಷದ ಬಜೆಟ್ಟಾದರೂ ಕೊಡಲಿ.

ಕೊನೆಗೆ ಏನು ತಗೊಂಡರು ಅಂತ ಕೇಳುತ್ತೀರಿ. ಏನೂ ತಗೊಳ್ಳಲಿಲ್ಲ. ಬಾಡಿಗೆ ಮನೆಯ ಅಗ್ರಿಮೆಂಟನ್ನು ಇನ್ನೊಂದು ವರ್ಷಕ್ಕೆ ಮಾಡಿಕೊಂಡರು. ರಘು ತಂಗಿಗೆ ಹೇಳಿದ. ಅವಳು ಫೋನಿನಲ್ಲಿ ಅತ್ತು, ಆಮೇಲೆ 'ನನಗೇನು ಬೇಡ, ಹೇಳಿದ್ಯಲ್ಲ ಸಾಕು' ಅಂದಳಂತೆ. ಆ 'ಬೇಡ'ವನ್ನು ತಕ್ಷಣ ಒಪ್ಪಿಕೊಳ್ಳಬೇಡ ಅಂತ ರಘುವಿಗೆ ಹೇಳಿದ್ದು ನಾನಲ್ಲ, ಶೈಲಾ. ಅಪ್ಪ ಇನ್ನೂ ಬಗ್ಗಿಲ್ಲ. ವಿಷಯ ಎತ್ತಿದರೆ ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತಾರೆ.

ಕೊನೆಯ ಸೆಷನ್‌ನಲ್ಲಿ ಶೈಲಾ ಇನ್ನೊಂದು ಹೇಳಿದಳು. ಆ ಸಾಲುಮನೆ ಬೇರೆಯವರಿಗೆ ಹೋಯಿತು, ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಇದೆ. ಕಳೆದ ಭಾನುವಾರ ಮನೆ ಮುಂದೆ ಪೂರ್ತಿ ಅಟ್ಟಣೆ ಕಟ್ಟಿದ್ದರಂತೆ, ಮೇಲೆ ಮೂರು ಜನ ಛಾವಣಿಯ ಹಲಗೆಕಲ್ಲು ಕೀಳುತ್ತಿದ್ದರು. ರಘು ಸ್ಟ್ರೋಲರ್ ನಿಲ್ಲಿಸಿ ಹತ್ತು ನಿಮಿಷ ತಲೆ ಎತ್ತಿ ನೋಡಿದನಂತೆ. 'ಏನೋ ನೋಡ್ತೀಯಾ ಅಷ್ಟೊಂದು?' ಅಂತ ಕೇಳಿದ್ದಕ್ಕೆ, 'ಕೆಳಗೆ ಏಣಿ ಯಾರೂ ಹಿಡ್ಕೊಂಡೇ ಇಲ್ವಲ್ಲೇ' ಅಂದ.