ಸೋಲಾರ್ ಹಾಕಿಸಿದರೆ ಕರೆಂಟ್ ಹೋದಾಗಲೂ ಮನೆಯಲ್ಲಿ ದೀಪ ಉರಿಯುತ್ತಾ?

ಬ್ಯಾಟರಿ ಇಲ್ಲದೆ ಕರೆಂಟ್ ಲೈನ್‌ಗೆ ಜೋಡಿಸಿದ ಆನ್‌ಗ್ರಿಡ್ ಸೋಲಾರ್ ಆದರೆ ಉರಿಯುವುದಿಲ್ಲ. ಮಧ್ಯಾಹ್ನ ಸುಡುಬಿಸಿಲು ಇದ್ದರೂ ಅಷ್ಟೇ. ಲೈನ್‌ನಲ್ಲಿ ಕರೆಂಟ್ ಹೋದ ತಕ್ಷಣ, ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ಬದಲಿಸುವ ಸೋಲಾರ್ ಇನ್ವರ್ಟರ್ ತಾನಾಗಿಯೇ ನಿಂತುಬಿಡುತ್ತದೆ. ಇದು ದೋಷವಲ್ಲ. ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದು, ಅಲ್ವಾ? ಅದಕ್ಕೇ ಈ ವ್ಯವಸ್ಥೆ. ಕರೆಂಟ್ ಪದೇ ಪದೇ ಹೋಗುವ ಊರಾದರೆ ಬ್ಯಾಟರಿ ಇರುವ ಹೈಬ್ರಿಡ್ ಹಾಕಿಸಿ. ಖರ್ಚು ಜಾಸ್ತಿ, ಆದರೆ ಅಲ್ಲಿ ಅದೇ ಸರಿ.

ಕರ್ನಾಟಕದಲ್ಲಿ ಇನ್ನೊಂದು ಲೆಕ್ಕ ಇದೆ. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಈಗಾಗಲೇ ಸೊನ್ನೆ ಬರುತ್ತಿದ್ದರೆ ಸುಮ್ನೆ ಅವಸರ ಮಾಡಬೇಡಿ, ಉಳಿತಾಯ ಕಮ್ಮಿ. ತಿಂಗಳಿಗೆ 300 ಯೂನಿಟ್ ದಾಟುವ ಮನೆಗೆ 3 ಕಿಲೋವ್ಯಾಟ್ ಚೆನ್ನಾಗಿ ಹೊಂದುತ್ತದೆ. ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಸುಮಾರು 12 ಯೂನಿಟ್ ಸಿಗುತ್ತದೆ. ನೆರಳಿಲ್ಲದ ಸುಮಾರು 300 ಚದರ ಅಡಿ ಜಾಗ ಬೇಕು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ.

ಹಾಕಿಸುವ ಮುಂಚೆ ಒಂದು ದಿನ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ಟೆರೇಸ್ ಹತ್ತಿ ನೋಡಿ. ನೀರಿನ ಟ್ಯಾಂಕಿನ ನೆರಳು, ಪಕ್ಕದ ತೆಂಗಿನ ಗರಿಯ ನೆರಳು ಎಲ್ಲಿ ಬೀಳುತ್ತದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು.

ಧೂಳನ್ನು ಬೆಳಿಗ್ಗೆ ಬೇಗ ಬರೀ ನೀರಲ್ಲಿ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ.