ಲ್ಯುಕೇಮಿಯಾ ಚಿಕಿತ್ಸೆಗೆ ಗಣಿತದ ಮಾಡೆಲ್‌ನಿಂದ ನಿಜಕ್ಕೂ ಉಪಯೋಗ ಇದೆಯಾ?

ಬೆಂಗಳೂರಿನಲ್ಲಿ ಗಣಿತದ ಎಂ.ಎಸ್ಸಿ. ಮಾಡುತ್ತಿದ್ದೇನೆ, ಲ್ಯುಕೇಮಿಯಾ ಮಾಡೆಲ್ ಮೇಲೆ ಪ್ರಾಜೆಕ್ಟ್ ಮಾಡಿದರೆ ರೋಗಿಗಳಿಗೆ ಏನಾದರೂ ಉಪಯೋಗ ಆಗುತ್ತದಾ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನೂ ಇದೇ ಊರಲ್ಲಿ ಇದೇ ಕೆಲಸ ಮಾಡುವವನು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಎಂಎಲ್‌ನಿಂದ (ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್) ಶುರು ಮಾಡಿ. ಈ ರೋಗದಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಜೀನ್ ಹುಟ್ಟುತ್ತದೆ. ಅದು ತಯಾರಿಸುವ ಪ್ರೋಟೀನನ್ನೇ ಇಮ್ಯಾಟಿನಿಬ್ ಮಾತ್ರೆ ತಡೆಯುತ್ತದೆ. ರೋಗ ಎಷ್ಟು ಉಳಿದಿದೆ ಎಂದು ರಕ್ತದಲ್ಲೇ ಅಳೆಯಬಹುದು. ದಿನ ಕಳೆದಂತೆ ರೋಗ ಹೇಗೆ ಇಳಿಯುತ್ತದೆ ಎಂದು ತೋರಿಸುವ, ನಮಗೆ ಬೇಕಾದ ಕರ್ವ್ ಅಲ್ಲೇ ಸಿಕ್ಕಿತು, ಅಲ್ವಾ?

2005ರಲ್ಲಿ ಸಂಶೋಧಕಿ ಫ್ರಾನ್ಸಿಸ್ಕಾ ಮಿಕೋರ್ ಮತ್ತು ಜೊತೆಗಾರರು ಈ ಕರ್ವ್ ಎರಡು ಹಂತದಲ್ಲಿ ಇಳಿಯುತ್ತದೆ ಎಂದು ತೋರಿಸಿದರು. ಮೊದಲು ದಿನಕ್ಕೆ ಸುಮಾರು 5%, ಆಮೇಲೆ ಬರೀ 0.8%. ಅಂದರೆ ಮೊದಲ ಹಂತದಲ್ಲಿ ಎರಡು ವಾರಕ್ಕೆ ಅರ್ಧವಾಗುವುದು, ನಂತರ ಅರ್ಧವಾಗಲು ಸುಮಾರು ಮೂರು ತಿಂಗಳು ಬೇಕು. ರೋಗದ ಕೋಶಗಳನ್ನು ಹುಟ್ಟಿಸುತ್ತಲೇ ಇರುವ ಮೂಲದ ಕಾಂಡಕೋಶಗಳನ್ನು (ಸ್ಟೆಮ್ ಸೆಲ್) ಔಷಧಿ ಮುಟ್ಟುವುದೇ ಇಲ್ಲ ಎಂಬುದು ಅವರ ವಿವರಣೆ. ಮರುವರ್ಷ ಇಂಗೋ ರೋಡರ್ ತಂಡ ಬೇರೆಯದೇ ಹೇಳಿತು. ಸುಮ್ಮನೆ ಮಲಗಿರುವ ಕಾಂಡಕೋಶ ತಪ್ಪಿಸಿಕೊಳ್ಳುತ್ತದೆ, ಎದ್ದು ವಿಭಜನೆ ಶುರು ಮಾಡಿದ್ದು ಔಷಧಿಗೆ ಸಿಗುತ್ತದೆ, ಹಾಗಾಗಿ ಮೂಲವೂ ನಿಧಾನವಾಗಿ ಕರಗುತ್ತದೆ ಎಂದು.

ನನಗೆ ಈ ವಿಷಯ ಹಿಡಿಸಿದ್ದೇ ಇಲ್ಲಿ. ಮಾತ್ರೆ ನಡೆಯುತ್ತಿರುವಾಗ ಎರಡೂ ಮಾಡೆಲ್‌ಗಳ ಕರ್ವ್ ಒಂದೇ ಥರ. ರಿಪೋರ್ಟ್ ನೋಡಿ ಯಾವುದು ಸರಿ ಎನ್ನಲಾಗದು. ಮಾತ್ರೆ ನಿಲ್ಲಿಸಿದಾಗ ಮಾತ್ರ ದಾರಿಗಳು ಬೇರೆಯಾಗುತ್ತವೆ: ಮೊದಲನೆಯದರ ಪ್ರಕಾರ ಮೂಲ ಹಾಗೇ ಉಳಿದಿರುವುದರಿಂದ ರೋಗ ಮರಳಲೇಬೇಕು, ಎರಡನೆಯದರ ಪ್ರಕಾರ ಕೆಲವರಲ್ಲಿ ಮರಳದೇ ಇರಬಹುದು. 2010ರಲ್ಲಿ ಫ್ರಾನ್ಸಿನ ಸ್ಟಿಮ್ ಅಧ್ಯಯನದ ಫಲಿತಾಂಶ ಬಂತು. ಕನಿಷ್ಠ ಎರಡು ವರ್ಷ ರೋಗದ ಸುಳಿವೇ ಕಾಣದಿದ್ದ 100 ಜನ ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸಿದ್ದರು. ಸುಮಾರು 40% ಜನರಿಗೆ ರೋಗ ಮರಳಲಿಲ್ಲ. ಮರಳಿದ್ದು ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ. ಹಾಗಂತ ಎರಡನೇ ಮಾಡೆಲ್ ಪೂರ್ತಿ ಗೆದ್ದಿತು ಎನ್ನುವಂತಿಲ್ಲ. ಉಳಿದ ಕೋಶಗಳನ್ನು ದೇಹದ ರೋಗನಿರೋಧಕ ಶಕ್ತಿ ಹದ್ದುಬಸ್ತಿನಲ್ಲಿ ಇಟ್ಟಿರಬಹುದು. ಅದನ್ನೂ ಸೇರಿಸಿದ ಸಮೀಕರಣಗಳು ಬಂದಿವೆ. (ಇದನ್ನು ಓದುವವರಲ್ಲಿ ರೋಗಿಗಳಿದ್ದರೆ, ದಯವಿಟ್ಟು ಸ್ವಂತ ನಿರ್ಧಾರದಿಂದ ಮಾತ್ರೆ ಬಿಡಬೇಡಿ.)

ಪ್ರಾಜೆಕ್ಟ್‌ಗೆ ನನ್ನ ಸಲಹೆ ಇದು. ಹೊಸ ಸಮೀಕರಣ ಬರೆಯುವ ಮುಂಚೆ ರಕ್ತರೋಗದ ವೈದ್ಯರೊಬ್ಬರ ಹತ್ತಿರ ಕುಳಿತು ಮಾತಾಡಿ. ನಮ್ಮೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಜ್ಯದ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ಬಸ್ ಚಾರ್ಜು, ಕೂಲಿ ಎಲ್ಲ ನೋಡಿಕೊಂಡು ದೂರದ ಊರಿಂದ ಬರುವವರಿಗೆ ಪದೇ ಪದೇ ಟೆಸ್ಟ್ ಎಲ್ಲಿ ಸಾಧ್ಯ? ಮೂರು ತಿಂಗಳಿಗೊಮ್ಮೆ ಅಳೆದರೆ, ಎರಡು ವಾರಕ್ಕೆ ಅರ್ಧವಾಗುವ ಆ ಮೊದಲ ಇಳಿಜಾರು ಬಹುಪಾಲು ಕೈತಪ್ಪಿ ಹೋಗಿರುತ್ತದೆ. ಎಷ್ಟು ಟೆಸ್ಟ್, ಯಾವ್ಯಾವ ತಿಂಗಳಲ್ಲಿ ಮಾಡಿದರೆ ಎರಡನೇ ಇಳಿಜಾರನ್ನಾದರೂ ನಂಬಿಕೆಯಿಂದ ಲೆಕ್ಕ ಹಾಕಬಹುದು? ಈ ಪ್ರಶ್ನೆಗೆ ಎಂ.ಎಸ್ಸಿ. ಗಣಿತವೇ ಸಾಕು, ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದು.